ನೆಲ ಇಳಿಯದೆ ಕಿಲೋಮೀಟರ್‌ಗಟ್ಟಲೆ ಹೂಳು ನಿಲ್ಲುವುದಿಲ್ಲ

ಹೂಳು ತಂದು ಸುರಿಯುವುದು ನದಿ ತಾನೇ, ಅದರಲ್ಲಿ ಭೂಫಲಕಗಳಿಗೆ, ಅಂದರೆ ನಿಧಾನವಾಗಿ ಚಲಿಸುವ ಭೂಮಿಯ ಹೊರಪದರದ ದೊಡ್ಡ ತುಂಡುಗಳಿಗೆ, ಏನು ಕೆಲಸ ಅಂತ ಕೇಳಿದ್ದೀರಿ. ತರುವುದು ನದಿಯೇ, ಸರಿ. ಆದರೆ ತಂದದ್ದು ಉಳಿಯಲು ಜಾಗ ಬೇಕಲ್ವಾ? ಆ ಜಾಗ ಮಾಡಿಕೊಡುವುದು ಹೆಚ್ಚಾಗಿ ಫಲಕಗಳ ಚಲನೆಯೇ.

ಹಿಮಾಲಯದ ಬುಡದ ಶಿವಾಲಿಕ್ ಬೆಟ್ಟಗಳನ್ನು ನೋಡಿ. ಸುಮಾರು 1.8 ಕೋಟಿ ವರ್ಷಗಳ ಹಿಂದಿನಿಂದ ಕೂತ ಹೂಳು ಅಲ್ಲಿ ಹಲವು ಕಿಲೋಮೀಟರ್ ದಪ್ಪ ಇದೆ. ಅಷ್ಟು ಆಳದ ಹಳ್ಳ ಮೊದಲೇ ಇತ್ತು, ಆಮೇಲೆ ತುಂಬಿತು ಅಂದುಕೊಳ್ಳಬೇಡಿ. ಅಡಿಯ ಪದರದಲ್ಲೂ ಮೇಲಿನ ಪದರದಲ್ಲೂ ನದಿ ಹರಿದ ಗುರುತುಗಳಿವೆ, ನೆಲದ ಮೇಲೆ ಓಡಾಡಿದ ಪ್ರಾಣಿಗಳ ಮೂಳೆಗಳಿವೆ. ಅಂದರೆ ಮೇಲ್ಮೈ ಯಾವಾಗಲೂ ನದಿ ಬಯಲೇ. ಬೆಳೆಯುತ್ತಿದ್ದ ಹಿಮಾಲಯದ ಭಾರಕ್ಕೆ ಭಾರತದ ಫಲಕ ಬಾಗಿತು, ತಳ ಇಳಿಯುತ್ತಾ ಹೋಯಿತು, ಇಳಿದಷ್ಟನ್ನು ನದಿಗಳು ತುಂಬುತ್ತಾ ಬಂದವು. ಹೂಳಿನ ತೂಕವೂ ತಳವನ್ನು ಇನ್ನಷ್ಟು ಒತ್ತುತ್ತದೆ, ಆದರೆ ಶುರು ಮಾಡುವುದು ಅದಲ್ಲ.

ನೆಲ ಎಳೆತಕ್ಕೆ ಸಿಕ್ಕಿ ಬಿರಿದ ಕಡೆ ಕಥೆ ಬೇರೆ. ಜಾರ್ಖಂಡ್, ಪಶ್ಚಿಮ ಬಂಗಾಳದ ದಾಮೋದರ ಕಣಿವೆಯ ಕಲ್ಲಿದ್ದಲು ಪ್ರದೇಶಗಳಲ್ಲಿ ದಕ್ಷಿಣದ ಅಂಚಿನ ಸ್ತರಭಂಗದ (ನೆಲ ಬಿರಿದು ಒಂದು ಕಡೆ ಜಾರಿದ ಬಿರುಕಿನ) ಕಡೆ ನೆಲ ಜಾಸ್ತಿ ಕುಸಿದಿದೆ, ಪದರಗಳೂ ಆ ಕಡೆಗೇ ವಾಲಿವೆ. ಜೌಗಿನ ಗಿಡಮರ ಹೂತುಹೋಗಿಯೇ ಕಲ್ಲಿದ್ದಲು ಆಗುವುದರಿಂದ ಅದಕ್ಕೆ ಈ ಕುಸಿತದ ವೇಗ ತುಂಬಾ ಮುಖ್ಯ: ಬೇಗ ಇಳಿದರೆ ಜೌಗು ನೀರಲ್ಲಿ ಮುಳುಗಿ ಮೇಲೆ ಕೆಸರು ಕೂರುತ್ತದೆ, ಇಳಿಯದೇ ಹೋದರೆ ಬಿದ್ದ ಗಿಡಮರ ಗಾಳಿಗೆ ಕೊಳೆತು ಮಾಯವಾಗುತ್ತದೆ, ನೆಲ ಇಳಿಯುವುದೂ ಗಿಡಮರ ಕೂಡುವುದೂ ಹೊಂದಿಕೊಂಡು ಬಹಳ ಕಾಲ ನಡೆದ ಕಡೆ ಮಾತ್ರ ದಪ್ಪ ಪದರ ಸಿಗುತ್ತದೆ.

ಇನ್ನೊಂದು ಮಾತು. ದಪ್ಪ ಉರುಟು ಕಲ್ಲುಗಳ ಪದರ ಕಂಡ ಕೂಡಲೇ 'ಆಗ ಬೆಟ್ಟ ಎದ್ದಿತು' ಅಂತ ಸುಮ್ನೆ ಬರೆದುಬಿಡುತ್ತಾರೆ. ನನಗೆ ಅದು ಅವಸರದ ತೀರ್ಮಾನ ಅನ್ನಿಸುತ್ತದೆ. ಬೆಟ್ಟ ಜೋರಾಗಿ ಬೆಳೆಯುವಾಗ ಅದರ ಬುಡವೂ ಜೋರಾಗಿ ಇಳಿಯುತ್ತಿರುತ್ತದೆ, ಹಾಗಾಗಿ ಕಲ್ಲುಗಳೆಲ್ಲ ಅಲ್ಲೇ ಸಿಕ್ಕಿಕೊಂಡು ದೂರಕ್ಕೆ ಬರೀ ಮರಳು, ಕೆಸರು ತಲುಪಬಹುದು. ಇಳಿತ ನಿಧಾನವಾದ ಮೇಲೆ ಕಲ್ಲುಗಳು ಬಯಲಿನ ಒಳಕ್ಕೆ ಹರಡುತ್ತವೆ. ಹವಾಮಾನ ಬದಲಾದರೂ ಇದೇ ಥರ ಕಾಣಬಹುದು. ಆದ್ದರಿಂದ ಆ ಕಲ್ಲುಗಳು ಯಾವ ಜಾತಿಯ ಬಂಡೆಯಿಂದ ಬಂದವು, ನೀರು ಹರಿದ ದಿಕ್ಕನ್ನು ತೋರಿಸುವ ಮರಳಿನ ಓರೆ ಪದರಗಳು ಯಾವ ಕಡೆಗೆ ವಾಲಿವೆ, ಪದರ ಯಾವ ಕಡೆಗೆ ದಪ್ಪವಾಗುತ್ತಾ ಹೋಗಿದೆ, ಈ ಮೂರನ್ನೂ ಒಟ್ಟಿಗೆ ನೋಡದೆ ಫಲಕಗಳೇ ಕಾರಣ ಅಂತ ಹೇಳಬೇಡಿ.