ರಿಪೋರ್ಟ್ ದಾಳಿ, ಕಾಪಿರೈಟ್ ಸ್ಟ್ರೈಕ್: ವರದಿಗಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಾಲ್ಲೂಕು ಮಟ್ಟದ ನಮ್ಮ ಯೂಟ್ಯೂಬ್ ಸುದ್ದಿ ಚಾನೆಲ್‌ನಲ್ಲಿ ಮರಳು ಸಾಗಣೆಯ ವರದಿ ಹಾಕಿದ ಮೇಲೆ ‘ಎಲ್ಲರೂ ರಿಪೋರ್ಟ್ ಹೊಡೆಯಿರಿ’ ಎಂಬ ಸಂದೇಶ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿತು. ಈಗ ಎರಡು ಕಾಪಿರೈಟ್ ಸ್ಟ್ರೈಕ್ (ಬೇರೆಯವರ ಕೃತಿ ಬಳಸಿದ್ದೀರಿ ಎಂಬ ದೂರಿನ ಮೇಲೆ ಯೂಟ್ಯೂಬ್ ಕೊಡುವ ಎಚ್ಚರಿಕೆ) ಬಿದ್ದಿವೆ. ವಿಡಿಯೊಗಳನ್ನು ಡಿಲೀಟ್ ಮಾಡಿಬಿಡಲೇ?

ಉತ್ತರ: ದಯವಿಟ್ಟು ಬೇಡ. ಡಿಲೀಟ್ ಮಾಡಿದರೂ ಸ್ಟ್ರೈಕ್ ಹಾಗೇ ಉಳಿಯುತ್ತದೆ, ಹೋಗುವುದು ನಿಮ್ಮ ವರದಿ. ಸಾವಿರ ಜನ ರಿಪೋರ್ಟ್ ಒತ್ತಿದರು ಎಂಬ ಒಂದೇ ಕಾರಣಕ್ಕೆ ಯೂಟ್ಯೂಬ್ ವಿಡಿಯೊ ತೆಗೆಯುವುದಿಲ್ಲ. ನಿಯಮ ಮೀರಿದೆಯೇ ಎಂದು ನೋಡುತ್ತದೆ. ಕಾಪಿರೈಟ್ ದೂರಿಗೆ ಮಾತ್ರ ಗುಂಪೇ ಬೇಡ. ಒಬ್ಬ ಒಂದು ಫಾರಂ ತುಂಬಿದರೂ ವಿಡಿಯೊ ಇಳಿಯಬಹುದು. 90 ದಿನಗಳೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಮುಚ್ಚಬಹುದು.

ದೃಶ್ಯ ನಿಮ್ಮದೇ ಆಗಿದ್ದರೆ ಚಾನೆಲ್ ನಿರ್ವಹಿಸುವ ಯೂಟ್ಯೂಬ್ ಸ್ಟುಡಿಯೊದಿಂದ ಕೌಂಟರ್ ನೋಟಿಫಿಕೇಶನ್ (ದೂರು ತಪ್ಪು, ವಿಡಿಯೊ ಮರಳಿ ಹಾಕಿ ಎಂಬ ಮನವಿ) ಕಳಿಸಿ. ‘ಇದು ಪತ್ರಿಕಾ ಸ್ವಾತಂತ್ರ್ಯದ ಮೇಲಿನ ದಾಳಿ’ ಎಂದು ಬರೆದರೆ ಪ್ರಯೋಜನವಿಲ್ಲ. ಯಾವ ದೃಶ್ಯ, ಯಾರು ತೆಗೆದದ್ದು, ಯಾವ ದಿನ ಎಂದು ಬರೆಯಿರಿ. ಬೇರೆಯವರ ತುಣುಕು ಬಳಸಿದ್ದರೆ ಎಷ್ಟು ಸೆಕೆಂಡು, ಯಾಕೆ ಬೇಕಾಯಿತು ಎಂದು ಹೇಳಿ. ಪ್ರಚಲಿತ ವಿದ್ಯಮಾನದ ವರದಿಗೆ ನ್ಯಾಯಯುತವಾಗಿ ಬಳಸುವುದನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಒಪ್ಪುತ್ತದೆ. ನೋಟಿಫಿಕೇಶನ್ ತಲುಪಿದ ಮೇಲೆ ದೂರುದಾರ 10 ಕೆಲಸದ ದಿನಗಳಲ್ಲಿ ಕೋರ್ಟಿಗೆ ಹೋದದ್ದಕ್ಕೆ ದಾಖಲೆ ತೋರಿಸಬೇಕು. ಸುಳ್ಳು ದೂರು ಕೊಟ್ಟವರು ಸಾಮಾನ್ಯವಾಗಿ ಇಲ್ಲಿ ನಿಂತುಬಿಡುತ್ತಾರೆ.

ಒಂದು ಅಪಾಯವಿದೆ. ಆ ಫಾರಂನಲ್ಲಿ ಬರೆದ ನಿಮ್ಮ ಹೆಸರು, ವಿಳಾಸ ದೂರುದಾರನ ಕೈ ಸೇರುತ್ತವೆ. ಮರಳಿನಂಥ ವರದಿಯಲ್ಲಿ ಮನೆ ವಿಳಾಸ ಕೊಡುವುದು ಒಳ್ಳೆಯದಲ್ಲ. ವಕೀಲರ ಮೂಲಕ ಕಳಿಸಿ.

ಕ್ಯಾಮೆರಾ ಕಾರ್ಡಿನ ಮೂಲ ಫೈಲನ್ನು ಎರಡು ಕಡೆ ಉಳಿಸಿಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಚಿತ್ರೀಕರಣದ ಮೂಲ ವಿವರಗಳೂ ಅದರಲ್ಲಿ ಉಳಿಯುವುದಿಲ್ಲ. ಕೈಯಲ್ಲಿ ಅದೊಂದೇ ಇದ್ದರೆ ‘ನಾನೇ ತೆಗೆದದ್ದು’ ಎಂದು ಸಾಬೀತು ಮಾಡುವುದು ಕಷ್ಟ.

ಪ್ರಶ್ನೆ: ವರದಿಗಾರ್ತಿಯೊಬ್ಬರಿಗೆ ದಿನಕ್ಕೆ ನೂರಾರು ಬೆದರಿಕೆ ಕಾಮೆಂಟ್ ಬರುತ್ತಿವೆ. ಸ್ಕ್ರೀನ್‌ಶಾಟ್ ಸಾಕೇ?

ಉತ್ತರ: ಸಾಲದು. ಕಾಮೆಂಟಿನ ಲಿಂಕ್, ಪ್ರೊಫೈಲಿನ ಲಿಂಕ್, ದಿನಾಂಕ, ಸಮಯ ಬರೆದಿಡಿ. ಪ್ರೊಫೈಲ್ ಹೆಸರು ರಾತ್ರೋರಾತ್ರಿ ಬದಲಾಗುತ್ತದೆ. ಇಷ್ಟಾದ ಮೇಲಷ್ಟೇ ಬ್ಲಾಕ್ ಮಾಡಿ, ಮೊದಲೇ ಮಾಡಿದರೆ ನಿಮಗೇ ಏನೂ ಕಾಣಿಸದು. ಇಂಥ ಡಿಜಿಟಲ್ ಸಾಕ್ಷ್ಯವನ್ನು ಕೋರ್ಟಿಗೆ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ಫೋನ್ ಇಟ್ಟುಕೊಂಡವರು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಸಂಖ್ಯೆ (ಫೈಲ್ ಬದಲಾಗಿಲ್ಲ ಎಂದು ತೋರಿಸುವ, ಬೆರಳಚ್ಚಿನಂಥ ಗುರುತು) ಸಮೇತ. ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 351 (ಬೆದರಿಕೆ), ಬೆನ್ನುಬಿದ್ದು ಕಾಡುತ್ತಿದ್ದರೆ 78 ಕೂಡ ಹೆಸರಿಸಿ. ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ 3 ದಿನಗಳೊಳಗೆ ಸಹಿ ಹಾಕಬೇಕು. ಇದನ್ನು ಮರೆತು ಎಷ್ಟೋ ದೂರುಗಳು ಎಫ್‌ಐಆರ್ ಆಗದೇ ಉಳಿಯುತ್ತವೆ.

ಬೆಂಬಲಿಗರಿಗೂ ಒಂದು ಕೋರಿಕೆ: ಬೆದರಿಕೆಯನ್ನು ಖಂಡಿಸುವ ಭರದಲ್ಲಿ ಆ ವರದಿಗಾರ್ತಿಯ ಫೋಟೊ, ಊರು, ಕಚೇರಿಯ ವಿವರ ಹಂಚಬೇಡಿ. ಹುಡುಕುತ್ತಿದ್ದವನಿಗೆ ಅದೇ ದಾರಿ ತೋರಿಸುತ್ತದೆ.

ಪ್ರಶ್ನೆ: ವರದಿ ಹಂಚಿದ್ದಕ್ಕೆ ‘66ಎ ಕೇಸ್ ಹಾಕುತ್ತೇವೆ’ ಎಂದು ಠಾಣೆಯಿಂದ ಫೋನ್ ಬಂತು.

ಉತ್ತರ: ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಎಂದಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಸೆಕ್ಷನ್ ಈಗ ಇಲ್ಲ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ರದ್ದು ಮಾಡಿದೆ. ಅದರಡಿ ಯಾರ ಮೇಲೂ ಕೇಸ್ ನಡೆಸಬಾರದೆಂದು 2022ರಲ್ಲಿ ಮತ್ತೆ ಹೇಳಿದೆ. ಲಿಖಿತ ನೋಟಿಸ್ ಕೇಳಿ, ಸೆಕ್ಷನ್ ನೋಡಿ, ವಕೀಲರೊಂದಿಗೆ ಹೋಗಿ. ಬಂದ ನೋಟಿಸನ್ನು ಕಡೆಗಣಿಸಬೇಡಿ. ಹಾಜರಾಗದಿದ್ದರೆ ಬಂಧನಕ್ಕೆ ಅದೇ ಕಾರಣವಾದೀತು.