ಊಟ ಸರಿ ಇಲ್ಲ ಅಂತ ಬಿಲ್ ಕೊಡದೆ ಎದ್ದು ಬರಬಹುದಾ?

ನೀವು ಬರೆದಿದ್ದು ಇಷ್ಟು: ಗೆಳೆಯರ ಜೊತೆ ಹುಬ್ಬಳ್ಳಿಯ ಒಂದು ಖಾನಾವಳಿಗೆ ಹೋಗಿದ್ದಿರಿ. ಎಣಗಾಯಿಯಲ್ಲಿ ಬರೀ ಎಣ್ಣೆ, ಆದರೂ ಮತ್ತೆ ಹಾಕಿಸಿಕೊಂಡಿರಿ. ಮೊಸರು ಹುಳಿ. ಬಿಲ್ ಕೊಡಲ್ಲ ಅಂದಿರಿ, ಜಗಳ ಆಯ್ತು. ಹಾಗೆ ಬರುವ ಹಕ್ಕು ಗಿರಾಕಿಗೆ ಇದೆಯಾ ಅಂತ ಕೇಳಿದ್ದೀರಿ. ನಾನು ನಮ್ಮ ಮನೆಯ ಖಾನಾವಳಿಯಲ್ಲಿ ಗಲ್ಲೆಯ ಮೇಲೆ ಕೂರುವವನು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ತಿಂದದ್ದಕ್ಕೆ ಕೊಡಬೇಕು. ಕೆಟ್ಟಿದೆ ಅಂತ ತಟ್ಟೆಯಲ್ಲೇ ಬಿಟ್ಟದ್ದಕ್ಕೆ ಕೊಡಬೇಕಿಲ್ಲ. ಆದರೆ ಅದನ್ನು ಮೊದಲ ತುತ್ತಿಗೇ ಹೇಳಬೇಕು, ಬಡೇಸೋಪು ಬಾಯಿಗೆ ಹಾಕಿಕೊಂಡ ಮೇಲೆ ಅಲ್ಲ. "ಅಣ್ಣಾ, ಮೊಸರು ಹುಳಿ ಆಗೇತ್ರಿ" ಅಂತ ಒಂದು ಮಾತು ಸಾಕು, ಬಟ್ಟಲು ಬದಲಾಗುತ್ತದೆ. ಅದು ಗೊತ್ತಾಗುವುದು ನಮಗೂ ಬೇಕು. ಅದೇ ಮೊಸರು ಪಕ್ಕದ ಟೇಬಲ್‌ಗೂ ಹೋಗುತ್ತಿರುತ್ತದೆ, ಅಲ್ವಾ?

ಇನ್ನು ಎಣ್ಣೆ. ಎಣಗಾಯಿಯಲ್ಲಿ ಎಣ್ಣೆ ತೇಲದಿದ್ದರೆ ನಮ್ಮ ಕಡೆಯವರೇ ಬೈತಾರೆ. ಸಾವಜಿ ಊಟಕ್ಕೆ ಹೋಗಿ ಖಾರ ಜಾಸ್ತಿ ಅಂದರೆ ಯಾರೂ ಕೇಳುವುದಿಲ್ಲ. ಅದು ರುಚಿಯ ಮಾತು. ಹಳಸಿದ ಪಲ್ಯ, ಕೂದಲು, ಹುಳ, ಇವು ತಕರಾರು. ಎಣಗಾಯಿ ಮತ್ತೆ ಹಾಕಿಸಿಕೊಂಡಿರಿ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ನಾನಾಗಿದ್ದರೆ ಮೊಸರಿನ ದುಡ್ಡು ಮಾತ್ರ ಬಿಡುತ್ತಿದ್ದೆ.

ಒಮ್ಮೆ ಹುಡುಗರ ದೊಡ್ಡ ಗುಂಪು ಬಂದಿತ್ತು. ಎಲ್ಲರ ಗಂಗಾಳವೂ ಖಾಲಿ, ಕೊನೆಗೆ ಒಂದರಲ್ಲಿ ಕೂದಲು ಸಿಕ್ಕಿತು. ಯಾರೂ ಕೊಡಲ್ಲ ಅಂದರು. ಅಪ್ಪ ಒಂದು ಊಟದ ದುಡ್ಡು ಬಿಟ್ಟು, "ತಮ್ಮಾ, ಕೂದಲು ಬಂದಿದ್ದು ಒಂದ ಗಂಗಾಳದಾಗ. ಉಳಿದ ಗಂಗಾಳಕ್ಕ ಏನಾಗಿತ್ತಪಾ?" ಅಂದರು. ಅವರಲ್ಲೇ ಒಬ್ಬ ನಕ್ಕುಬಿಟ್ಟ. ರೊಕ್ಕ ಬಂತು.

ಗಲ್ಲೆಯವನು ಒಪ್ಪದೇ ಇದ್ದರೂ ಬಿಲ್ ಕೊಟ್ಟೇ ಬನ್ನಿ. ನನ್ನ ಲಾಭಕ್ಕೆ ಹೇಳುತ್ತಿಲ್ಲ. ದೂರು ಕೊಡಲು ಹೋದರೆ ಮೊದಲು ಕೇಳುವುದೇ ಬಿಲ್. ಅದರ ಮೇಲೆ ಎಫ್‌ಎಸ್‌ಎಸ್‌ಎಐನ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, 14 ಅಂಕಿಯ ನಂಬರ್ ಇರಬೇಕು, 2022ರ ಜನವರಿಯಿಂದ ಕಡ್ಡಾಯ. "ತಕರಾರು ಇದೆ, ಆದರೂ ಕೊಟ್ಟಿದ್ದೇನೆ" ಅಂತ ಬಿಲ್ ಮೇಲೆ ಬರೆದು, ತಟ್ಟೆಯದ್ದೂ ಬಿಲ್ಲಿನದ್ದೂ ಫೋಟೋ ತೆಗೆದುಕೊಳ್ಳಿ. ಅದೇ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕಬಹುದು, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಪರಿಹಾರವೇ ಬೇಕು ಅಂದ್ರೆ ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 2 ವರ್ಷದೊಳಗೆ ಹೋಗಬೇಕು. ಊಟದ ಬಿಲ್ಲಿನಂಥ ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಒಂದು ಬಟ್ಟಲು ಮೊಸರಿಗೆ ಅಲ್ಲಿವರೆಗೆ ಯಾರು ಹೋಗ್ತಾರೆ ಅನ್ನೋದು ಬೇರೆ ಮಾತು.

ಸರ್ವಿಸ್ ಚಾರ್ಜ್ ಮಾತ್ರ ಸುಮ್ನೆ ಕೊಡಬೇಡಿ. ಊಟ ಎಷ್ಟೇ ಚೆನ್ನಾಗಿದ್ದರೂ ಸರಿ, ತೆಗೆಸಿಬಿಡಿ. ಬಿಲ್ಲಿಗೆ ತಾವಾಗಿ ಸೇರಿಸುವಂತಿಲ್ಲ ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಜಿಎಸ್‌ಟಿ ಬೇರೆ, ಅದು ತೆರಿಗೆ.

ನಮ್ಮವರಿಗೂ ಒಂದು ಮಾತು. ಗಿರಾಕಿ ಕೊಡಲಿಲ್ಲ ಅಂತ ಮೊಬೈಲ್ ಕಿತ್ತುಕೊಳ್ಳುವುದು, ಬಾಗಿಲಿಗೆ ಅಡ್ಡ ನಿಲ್ಲುವುದು ಮಾಡುವಂತಿಲ್ಲ. ಆಗ ಕೇಸ್ ಬೀಳುವುದು ನಮ್ಮ ಮೇಲೆ.

ಕೆಲವು ಕಡೆ ಬಾರದ ಬಿಲ್ಲನ್ನು ಆ ಟೇಬಲ್‌ನ ಸಪ್ಲಾಯರ್ ಪಗಾರದಲ್ಲಿ ಕಡಿಯುತ್ತಾರೆ. ಮೊಸರು ಹೆಪ್ಪು ಹಾಕಿದವನು ಅವನಲ್ಲ. ಜಗಳ ಆಡೋದೇ ಆದರೆ ನೆಟ್ಟಗೆ ಗಲ್ಲೆಗೆ ಬಂದು ನಮ್ಮ ಜೊತೆ ಆಡಿ.