ತೆರಿಗೆ ಪ್ರಶ್ನೋತ್ತರ: ಕರೆಂಟ್ ಉಳಿಸುವ ಕಟ್ಟಡಕ್ಕೆ ತೆರಿಗೆ ಕಡಿತ ಉಂಟೇ?

ಪ್ರಶ್ನೆ: ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮ ಮೂರಂತಸ್ತಿನ ಕಟ್ಟಡವಿದೆ. ಕೆಳಗೆ ನಮ್ಮದೇ ಜವಳಿ ಅಂಗಡಿ, ಮೇಲಿನ ಎರಡು ಮಹಡಿ ಬಾಡಿಗೆಗೆ ಕೊಟ್ಟಿದ್ದೇವೆ. ತಾರಸಿಗೆ ಶಾಖ ತಡೆಯುವ ಹೆಂಚು, ಅಂಗಡಿಗೆ ಹೊಸ ಎ.ಸಿ., ಎಲ್‌ಇಡಿ ದೀಪ ಮತ್ತು ಸೌರ ಫಲಕ ಹಾಕಿಸಬೇಕೆಂದಿದ್ದೇವೆ. ಅಮೆರಿಕದಲ್ಲಿ ಇಂಥ ಕಟ್ಟಡಗಳಿಗೆ ಚದರಡಿ ಲೆಕ್ಕದಲ್ಲಿ ತೆರಿಗೆ ಕಡಿತವಿದೆ ಎಂದು ಅಲ್ಲಿರುವ ನನ್ನ ತಮ್ಮ ಹೇಳುತ್ತಾನೆ. ನಮಗೂ ಸಿಗುವುದೇ?
– ಒಬ್ಬ ಓದುಗ, ತುಮಕೂರು

ಉತ್ತರ: ನಿಮ್ಮ ತಮ್ಮ ಹೇಳಿದ್ದು ಅಲ್ಲಿನ ತೆರಿಗೆ ಕಾನೂನಿನ ಸೆಕ್ಷನ್ 179ಡಿ. 2005ರ ಕಾಯ್ದೆಯಿಂದ ಬಂದ ಈ ಸೌಲಭ್ಯವು, 2025ರ ತಿದ್ದುಪಡಿಯ ಪ್ರಕಾರ, 2026ರ ಜೂನ್ 30ರ ನಂತರ ನಿರ್ಮಾಣ ಕೆಲಸ ಆರಂಭವಾಗುವ ಕಟ್ಟಡಗಳಿಗೆ ಅಲ್ಲಿಯೂ ಇರುವುದಿಲ್ಲ. ನಮ್ಮಲ್ಲಿ ಕಟ್ಟಡ ಎಷ್ಟು ವಿದ್ಯುತ್ ಉಳಿಸಿತು ಎಂಬುದನ್ನು ನೋಡಿ ಕೊಡುವ ಇಂಥ ಕಡಿತವಿಲ್ಲ, ನಮಗಿರುವುದು ಸವಕಳಿ, ಅಂದರೆ ವ್ಯಾಪಾರಕ್ಕೆ ಬಳಸುವ ವಸ್ತು ಸವೆಯುವ ಲೆಕ್ಕದಲ್ಲಿ ಅದರ ಬೆಲೆಯ ಒಂದು ಪಾಲನ್ನು ಪ್ರತಿವರ್ಷ ಲಾಭದಿಂದ ಕಳೆಯುವುದು. ಅದರ ದರವು ನೀವು ಕೊಂಡ ವಸ್ತು ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ.

ವಾಣಿಜ್ಯ ಕಟ್ಟಡಕ್ಕೂ ಅದರ ದೀಪ, ವೈರಿಂಗ್‌ಗಳಿಗೂ ಶೇ 10, ಎ.ಸಿ.ಗೆ ಶೇ 15, ಸೌರ ಫಲಕಕ್ಕೆ ಶೇ 40. ಫಲಕಕ್ಕೆ 10 ಲಕ್ಷ ರೂಪಾಯಿ ಖರ್ಚಾದರೆ ಮೊದಲ ವರ್ಷ 4 ಲಕ್ಷ, ಮರುವರ್ಷ ಉಳಿದ 6 ಲಕ್ಷದ ಮೇಲೆ 2.40 ಲಕ್ಷ ಸವಕಳಿ ಸಿಗುತ್ತದೆ. ಅದೇ ಫಲಕವನ್ನು ಗುತ್ತಿಗೆದಾರರು ‘ಕಟ್ಟಡ ನವೀಕರಣ, ಒಟ್ಟು ಮೊತ್ತ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ಅದು ಶೇ 10ರ ಲೆಕ್ಕಕ್ಕೆ ಬಿದ್ದು, ಮೊದಲ ವರ್ಷ ಸಿಗುವ ಸವಕಳಿ ಒಂದೇ ಲಕ್ಷ. ಬಿಲ್ ಸರಿಯಾಗಿಲ್ಲದ ಒಂದೇ ಕಾರಣಕ್ಕೆ ಸಣ್ಣ ವ್ಯಾಪಾರಿಗಳು ಇಷ್ಟು ಕಳೆದುಕೊಳ್ಳುವುದು ನನಗೆ ನಿಜಕ್ಕೂ ನೋವಿನ ವಿಷಯ. ಫಲಕವನ್ನು ಕೊಂಡ ಹಣಕಾಸು ವರ್ಷದಲ್ಲಿ (ಏಪ್ರಿಲ್‌ನಿಂದ ಮಾರ್ಚ್) 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ದರವೇ ಗತಿ. ಆದ್ದರಿಂದ ಸೆಪ್ಟೆಂಬರ್ ಮುಗಿಯುವುದರೊಳಗೆ ಚಾಲೂ ಮಾಡಿಸಿ, ಬೆಸ್ಕಾಂ ಮೀಟರ್ ಅಳವಡಿಸಿದ ದಿನಾಂಕದ ದಾಖಲೆಯನ್ನು ಜೋಪಾನವಾಗಿಡಿ.

ಬಾಡಿಗೆ ಮಹಡಿಗಳ ವಿಚಾರ ಬೇರೆ. ಆ ಆದಾಯ ‘ಮನೆ ಆಸ್ತಿ’ಯ (ಕಟ್ಟಡದ ಬಾಡಿಗೆಗೆ ತೆರಿಗೆ ಹಾಕುವ ವರ್ಗ) ಲೆಕ್ಕಕ್ಕೆ ಹೋದರೆ, ಪುರಸಭಾ ತೆರಿಗೆ ಕಳೆದು ಉಳಿದುದರಲ್ಲಿ ಶೇ 30ರಷ್ಟು ಕಡಿತ ಮತ್ತು ಸಾಲದ ಬಡ್ಡಿ ಬಿಟ್ಟರೆ ನೀವು ಎಷ್ಟೇ ಖರ್ಚು ಮಾಡಿದರೂ ಬೇರೇನೂ ಸಿಗುವುದಿಲ್ಲ. ತಾರಸಿಯ ಹೆಂಚಿನಿಂದ ತಂಪಾಗುವುದು ಮುಖ್ಯವಾಗಿ ಆ ಮಹಡಿಗಳೇ ಆದ್ದರಿಂದ ಅದರಲ್ಲಿ ತೆರಿಗೆಯ ಲಾಭ ಕಡಿಮೆ. ಸೌರ ವಿದ್ಯುತ್ತನ್ನು ಮಾತ್ರ ನಿಮ್ಮ ಅಂಗಡಿಯ ಮೀಟರಿಗೇ ಜೋಡಿಸಿಕೊಳ್ಳಿ, ಫಲಕವು ವ್ಯಾಪಾರಕ್ಕೆ ಬಳಸಿದ್ದಾದರೆ ಮಾತ್ರ ಸವಕಳಿ.

ಇವೆಲ್ಲಕ್ಕೂ ಮೊದಲು ನಿಮ್ಮ ಲೆಕ್ಕಪರಿಶೋಧಕರನ್ನು ಒಂದು ಮಾತು ಕೇಳಿ: ನೀವು ವಹಿವಾಟಿನ ಶೇ 8 ಅಥವಾ ಶೇ 6ರ ಅಂದಾಜು ಲಾಭ ತೋರಿಸಿ ತೆರಿಗೆ ಕಟ್ಟುವವರೇ? ಹಾಗಿದ್ದರೆ ಸವಕಳಿ ಅದರಲ್ಲೇ ಸೇರಿದೆಯೆಂದು ಕಾನೂನು ಭಾವಿಸುತ್ತದೆ, ಪ್ರತ್ಯೇಕವಾಗಿ ಕೇಳುವಂತಿಲ್ಲ. ಫಲಕದ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು) ಪಡೆದರೆ ಆ ಮೊತ್ತದ ಮೇಲೆ ಸವಕಳಿಯಿಲ್ಲ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಹಣವೂ ಫಲಕದ ಬೆಲೆಗೆ ಸೇರುವುದಿಲ್ಲ. ಆದ್ದರಿಂದ ಮುಂಗಡವನ್ನೂ ಬ್ಯಾಂಕ್ ಮೂಲಕವೇ ಕೊಡಿ.